ಖಾಲಿ ಬಲೂನು

ಆಗಸ್ಟ್ 12, ಮಂಗಳವಾರ

ಸಾರಿ ಡೈರಿ, ನಾಳೆ ಟೆಸ್ಟ್ ಇಟ್ಟುಕೊಂಡು ನಿನ್ನ ಮುಂದೆ ಕೂತಿದ್ದೇನೆ. ಏನು ಮಾಡಲಿ, ನಮ್ಮ ಕಾಮಿಕ್ಸ್‌ನ ವಿಲನ್ ತಲೆ ತಿನ್ನುತ್ತಿದ್ದಾನೆ.

ಕಥೆ, ಮಾತು ರೂಮ್‌ಮೇಟ್ ಗುಬ್ಬಿಯದು, ಚಿತ್ರ ನನ್ನದು. ಕೊನೆಯ ಪುಟದಲ್ಲಿ ವಿಲನ್ ಸೂಪರ್‌ಹೀರೋನನ್ನು ಕಟ್ಟಿಹಾಕಿ ಬಾಸ್‌ಗೆ ಒಪ್ಪಿಸಬೇಕು. ಬಾಸ್ ಈ ವಿಲನ್‌ನನ್ನು ಬೀದಿಯಿಂದ ಎತ್ತಿ ಸಾಕಿದವನು. ಹೀರೋ ವಿಲನ್‌ನ ಹಾಸ್ಟೆಲ್ ಗೆಳೆಯ.

"ಹಳೇ ಕಾಮಿಕ್ಸ್‌ನಲ್ಲಿ ವಿಲನ್ ಅಂದ್ರೆ ವಿಲನ್ನೇ ಕಣೇ. ಸಾಕಿದವನಿಗೆ ದ್ರೋಹ ಮಾಡ್ತಾನಾ?" ಅಂದಳು ಗುಬ್ಬಿ, ಭಾನುವಾರ.

"ಗೆಳೆಯನಿಗೆ ಮಾಡ್ಬಹುದಾ?" ಅಂದೆ.

"ಹಾಗಾದ್ರೆ ಕಥೇನೂ ನೀನೇ ಬರ್ಕೊ, ಮಹಾತಾಯಿ!"

ಅಂದಿನಿಂದ ಮಾತಿಲ್ಲ. ಈ ಕಾಲೇಜಿನಲ್ಲಿ ನನಗಿರುವ ಒಬ್ಬಳೇ ಫ್ರೆಂಡ್ ಅವಳು.

ಇವತ್ತು ಚಿತ್ರ ಮುಗಿಸಿದೆ. ವಿಲನ್ ಬಾಸ್ ಮುಂದೆ ತಲೆ ತಗ್ಗಿಸಿ ನಿಂತಿದ್ದಾನೆ. ಬೆನ್ನ ಹಿಂದೆ ಅವನ ಕೈ ಮಾತ್ರ ಗೆಳೆಯನ ಹಗ್ಗದ ಗಂಟು ಬಿಚ್ಚುತ್ತಿದೆ. ತಲೆಯ ಮೇಲೆ ಅವನ ಮಾತು ಬರೆಯುವ ಬಲೂನನ್ನು ಖಾಲಿ ಬಿಟ್ಟಿದ್ದೇನೆ. ಅಲ್ಲಿ ಬರೆಯುವುದು ಯಾವಾಗಲೂ ಗುಬ್ಬಿಯೇ. ಪುಟವನ್ನು ಅವಳ ಮೇಜಿನ ಮೇಲಿಟ್ಟು ಬಂದೆ.

ಈಗಷ್ಟೇ ಅವಳ ಟೇಬಲ್ ಲೈಟ್ ಹತ್ತಿತು. ಪೆನ್ನಿನ ಕ್ಯಾಪ್ ತೆಗೆದ ಸದ್ದು. ತಿರುಗಿ ನೋಡಲು ಧೈರ್ಯ ಸಾಲದು. ಗುಬ್ಬಿ, ಬೈದರೂ ಸರಿ, ಬೇಗ ಉತ್ತರ ಬರಿಯೇ.