ಅಪ್ಪನ ಬಲಗಣ್ಣು

ತಮ್ಮಾ,

ನಾನು ಡ್ಯೂಟಿಗೆ ಹೊರಟೆ. ಅಪ್ಪನ ಬಲಗಣ್ಣಿಗೆ ಗಂಟೆಗೊಂದು ಸಲ ಹನಿ ಹಾಕು, ಮರೀಬೇಡ. ಮುಖಕ್ಕೆ ಲಕ್ವ ಹೊಡೆದ ಮೇಲೆ ಆ ರೆಪ್ಪೆ ಬಡಿಯೋದೇ ಇಲ್ಲ. ನಾವು ಗೊತ್ತೇ ಆಗದ ಹಾಗೆ ರೆಪ್ಪೆ ಬಡಿದು ಕಣ್ಣು ಒದ್ದೆ ಮಾಡ್ಕೊಳ್ತೀವಲ್ಲ, ಅಪ್ಪನಿಗೆ ಅದನ್ನ ನಾವೇ ಕೈಯಾರೆ ಮಾಡಬೇಕು.

ಫ್ಯಾನ್ ಹಾಕಬೇಡ, ಗಾಳಿಗೆ ಆ ಕಣ್ಣು ಒಣಗುತ್ತೆ. ಸೆಕೆಯಾದರೆ ನೀನು ಹೊರಗೆ ಹೋಗಿ ಕೂತ್ಕೋ.

ಮಲಗಿಸುವಾಗ ಮೊದಲು ಬೆರಳಿಂದ ರೆಪ್ಪೆ ಪೂರ್ತಿ ಮುಚ್ಚಿ, ಆಮೇಲೆ ಟೇಪ್ ಅಂಟಿಸು. ಮೊನ್ನೆ ನೀನು ಅರ್ಧ ತೆರೆದ ಕಣ್ಣಿನ ಮೇಲೇ ಅಂಟಿಸಿಬಿಟ್ಟಿದ್ದೆ, ಟೇಪು ಕಣ್ಣುಗುಡ್ಡೆಗೇ ಉಜ್ಜಿದೆ. ನಿನ್ನ ಬೈದು ಈಗೇನು ಬಂತು? ಅದರಿಂದ ಕಣ್ಣಲ್ಲಾದ ಬಿಳಿ ಕಲೆ ಇನ್ನು ಹೋಗಲ್ಲ, ನೋಟ ಮಂಜಾಗೇ ಇರುತ್ತೆ ಅಂದರು ಡಾಕ್ಟರು. ಅಪ್ಪ ವಾಚ್ ರಿಪೇರಿಗೆ ಭೂತಗನ್ನಡಿ ಇಟ್ಟುಕೊಳ್ತಿದ್ದದ್ದು ಅದೇ ಕಣ್ಣಿಗೆ. ಅವರಿಗೆ ಇನ್ನೂ ಹೇಳಿಲ್ಲ, ನೀನೂ ಬಾಯಿ ಬಿಡಬೇಡ.

ಆ ಕಣ್ಣಿಂದ ನೀರು ಸುರಿದರೆ 'ಅಳಬೇಡಪ್ಪಾ' ಅಂತ ರಾಗ ತೆಗೀಬೇಡ. ಅದು ಅಳು ಅಲ್ಲ. ಕಣ್ಣು ಒಣಗಿ ಉರಿಯೋಕೆ ಶುರುವಾದಾಗ ತಾನಾಗಿ ಬರೋ ನೀರು. ರೆಪ್ಪೆ ಬಡಿಯದ್ದಕ್ಕೆ ಕಣ್ಣಲ್ಲಿ ನಿಲ್ಲದೆ ಕೆನ್ನೆಗೆ ಇಳಿಯುತ್ತೆ. ಮೆತ್ತಗೆ ಒರೆಸಿ ಹನಿ ಹಾಕು, ಸಾಕು.

ಇವತ್ತು ಬೆಳಗ್ಗೆ ಎಡಗಣ್ಣಲ್ಲೂ ನೀರಿತ್ತು. ಆ ಕಣ್ಣಿಗೆ ಏನೂ ಆಗಿಲ್ಲ ಕಣೋ.

ಅಕ್ಕ