ಮಗಳ ಹನ್ನೊಂದು ವಿಡಿಯೊಗಳಿಗೆ ಬೀಗ ಜಡಿದ ಅಪ್‌ಡೇಟ್ ವಿಭಾಗದ ಮುಖ್ಯಸ್ಥರಿಗೆ

ಮಾನ್ಯರೇ,

ರಾತ್ರಿ ಎರಡು ಗಂಟೆ ಹತ್ತು ನಿಮಿಷ. ನನ್ನನ್ನು ಎಬ್ಬಿಸಿದ್ದು ಮಗುವಿನ ಅಳುವಲ್ಲ. ಮನೆಯ ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಗುಂಯ್‌ಗುಡುವ ಸದ್ದು. ಯಾರೂ ಮುಟ್ಟದ ಯಂತ್ರ ತಾನೇ ಆರಿ, ತಾನೇ ಹೊತ್ತಿಕೊಂಡು, ನಿಮ್ಮ ಅಪ್‌ಡೇಟನ್ನು ನುಂಗುತ್ತಿತ್ತು. ಕೊನೆಗೆ ನೀಲಿ ಪರದೆ ಬಂತು: ನಲವತ್ತೆಂಟು ಅಂಕಿಯ ಕೀಲಿ ಕೊಡಿ, ಇಲ್ಲವಾದರೆ ಪ್ರವೇಶವಿಲ್ಲ. ಇಂಥದೊಂದು ಕೀಲಿ ಇದೆಯೆಂದು ನೀವು ನನಗೆ ಹೇಳಿದ್ದು ಯಾವಾಗ?

ಒಳಗೆ ಏನಿದೆ ಗೊತ್ತೇ? ನನ್ನ ಎಂಟು ತಿಂಗಳ ಮಗಳು ದೀಪಾ ನಿದ್ದೆಯಲ್ಲಿ ಒಮ್ಮೊಮ್ಮೆ ಮೈ ಸೆಟೆದು ನಡುಗುತ್ತಾಳೆ. ಕಣ್ಣಾರೆ ನೋಡದೆ ಏನೂ ಹೇಳಲಾರೆ, ವಿಡಿಯೊ ಮಾಡಿ ತನ್ನಿ ಎಂದರು ಡಾಕ್ಟರು. ಹನ್ನೊಂದು ರಾತ್ರಿ ನಿದ್ದೆಗೆಟ್ಟು ಹನ್ನೊಂದು ವಿಡಿಯೊ ಮಾಡಿದೆ. ಫೋನು ತುಂಬಿದಂತೆಲ್ಲ ಕಂಪ್ಯೂಟರಿಗೆ ಹಾಕಿ, ಫೋನಿನಿಂದ ಅಳಿಸುತ್ತ ಬಂದೆ. ಡಾಕ್ಟರು ಪಣಜಿಗೆ ಬರುವುದು ತಿಂಗಳಿಗೊಂದೇ ದಿನ. ಆ ದಿನ ಈಗ ಬೆಳಗಾದರೆ ಇದೆ.

ಬಿ.ಎಸ್ಸಿ. ಓದಿದ್ದೇನೆ, ಕೈಕಟ್ಟಿ ಕೂರಲಿಲ್ಲ. ವೈರು ಕಿತ್ತು ಮತ್ತೆ ಸಿಕ್ಕಿಸಿದೆ. ಬಟನ್ ಒತ್ತಿ ಹಿಡಿದು ಮೂರು ಸಲ ಆರಿಸಿ ಹೊತ್ತಿಸಿದೆ. ಅಪ್‌ಡೇಟ್ ತೆಗೆದುಹಾಕುವ ದಾರಿ ಹುಡುಕಿದೆ; ಅದಕ್ಕೂ ಕೀಲಿ ಬೇಕಂತೆ! ಕೀಲಿ ನನ್ನ ಖಾತೆಯಲ್ಲಿದೆ ಎಂದಿತು ನಿಮ್ಮ ಜಾಲತಾಣ. ಖಾತೆ ತೆರೆಯಲು ಕೋಡ್ ಕಳಿಸಿದ್ದು ನನ್ನ ಹಳೆಯ ನಂಬರಿಗೆ. ಆ ಸಿಮ್ ಇಂಡಿ ತಾಲ್ಲೂಕಿನ ನಮ್ಮೂರಲ್ಲಿ, ನನ್ನ ಅತ್ತೆ ಸತ್ಯವ್ವನವರ ಫೋನಿನಲ್ಲಿದೆ. ಗೋವಾಕ್ಕೆ ದುಡಿಯಲು ಬರುವ ನಾವು ಮಾಡುವುದೇ ಹೀಗೆ: ಬಳಗಕ್ಕೆಲ್ಲ ಬಾಯಿಪಾಠವಾದ ನಂಬರನ್ನು ಊರಲ್ಲಿ ಬಿಟ್ಟು, ಇಲ್ಲಿ ಹೊಸದು ಕೊಳ್ಳುತ್ತೇವೆ. ಖಾತೆಯಲ್ಲಿ ನಂಬರ್ ಬದಲಿಸದೇ ಇದ್ದದ್ದು ನನ್ನ ತಪ್ಪು, ಒಪ್ಪಿದೆ. ಗಂಡ ಮಾಂತೇಶ ಬಂದರಿನಲ್ಲಿ ರಾತ್ರಿಪಾಳಿ. ಫೋನು ಗೇಟಿನಲ್ಲೇ ಇಡಬೇಕು. ಅತ್ತೆಯನ್ನೇ ಎಬ್ಬಿಸಿದೆ.

"ಅತ್ತೀ, ನಾ ಶ್ವೇತಾರೀ. ಫೋನಿಗೆ ನಂಬರ್ ಬಂದೈತಿ, ಓದಿ ಹೇಳ್ರಿ."

"ಇಷ್ಟೊತ್ತಿನ್ಯಾಗ ನನ್ನ ಸೊಸಿ ಫೋನ್ ಮಾಡಂಗಿಲ್ಲ. ಬಂದ ನಂಬರ್ ಯಾರಿಗೂ ಹೇಳಬ್ಯಾಡ್ರಿ, ನನ್ನ ದನಿಲೆ ಕೇಳಿದ್ರೂ ಹೇಳಬ್ಯಾಡ್ರಿ ಅಂತ ಆಕಿನ ಹೇಳ್ಯಾಳ. ಇಡ ಫೋನು, ಕಳ್ಳಿ!"

ಹೌದು, ದೀಪಾವಳಿಗೆ ಹೋದಾಗ ಕೂರಿಸಿಕೊಂಡು ಈ ಪಾಠ ಹೇಳಿಕೊಟ್ಟವಳು ನಾನೇ. ಮತ್ತೆ ಫೋನ್ ಮಾಡಿ ಅಂಗಲಾಚಿದೆ.

"ಖರೇನ ಶ್ವೇತಾ ಇದ್ರ ಹೇಳು, ಕೂಸಿನ ತೊಟ್ಟಲಕ್ಕ ನಾ ಏನು ಕಟ್ಟೇನಿ?"

"ಕರಿದಾರದಾಗ ಬಜಿ ಬೇರು ಕಟ್ಟೀರಿ. ಗಂಟು ಸಡ್ಲ ಆತಂತ ಎರಡ ಸಲ ಕಟ್ಟಿದ್ರಿ."

"ಅಯ್ಯ ನನ್ನವ್ವ! ಕೂಸಿಗೆ ಏನಾತ?"

ಅಷ್ಟರಲ್ಲಿ ಕೋಡಿನ ಆಯುಸ್ಸು ಮುಗಿದಿತ್ತು. ಎರಡನೆಯದನ್ನು ಅವರು ಕನ್ನಡಕ ಹುಡುಕಿ ಓದುವಷ್ಟರಲ್ಲಿ ಅದೂ ಹೋಯಿತು. ಮೂರನೆಯದನ್ನು ಕೇಳಿದ್ದಕ್ಕೆ, ಅತಿಯಾಗಿ ಪ್ರಯತ್ನಿಸಿದ್ದೀರಿ, ಇಪ್ಪತ್ನಾಲ್ಕು ಗಂಟೆ ಬಿಟ್ಟು ಬನ್ನಿ ಎಂದಿತು ನಿಮ್ಮ ವ್ಯವಸ್ಥೆ. ದೂರು ಕೊಟ್ಟೆ. ಮೂರು ದಿನಗಳಲ್ಲಿ ಉತ್ತರಿಸುವಿರಂತೆ. ಅದಕ್ಕೇ ಇದನ್ನು ಗೋವಾ ಕನ್ನಡಿಗರ ಪುಟದಲ್ಲಿ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಸುರಕ್ಷತೆಗಾಗಿ ಎನ್ನುತ್ತೀರಿ. ಯಾರಿಂದ ಸುರಕ್ಷತೆ, ಸ್ವಾಮಿ? ತಾಯಿಯಿಂದಲೇ? ಮೂರನೆಯ ತರಗತಿ ಓದಿದ ನನ್ನ ಅತ್ತೆಯೂ ಬಾಗಿಲು ಹಾಕಿದರು. ಆದರೆ ಬಾಗಿಲ ಸಂದಿಯಿಂದ ಒಂದು ಪ್ರಶ್ನೆ ಕೇಳಿದರು, ಉತ್ತರ ಸರಿಯಿದ್ದದ್ದಕ್ಕೆ ನಂಬಿದರು. ನಿಮ್ಮ ಅಷ್ಟು ದೊಡ್ಡ ಕಂಪನಿಯಲ್ಲಿ ಪ್ರಶ್ನೆ ಕೇಳಬಲ್ಲ ಒಬ್ಬ ಮನುಷ್ಯನಿಲ್ಲವೇ?

ನನ್ನ ಬೇಡಿಕೆ ಇಷ್ಟೇ. ಬೇಕಾದ್ದು ಕೇಳಿ: ಖಾತೆ ತೆರೆದ ತಾರೀಖು, ಕಂಪ್ಯೂಟರಿನ ಬೆನ್ನ ಮೇಲಿನ ನಂಬರು, ಯಾವ ವಿಡಿಯೊದಲ್ಲಿ ಮಗಳು ಯಾವ ಅಂಗಿ ತೊಟ್ಟಿದ್ದಾಳೆಂಬುದು. ಎಲ್ಲಕ್ಕೂ ಉತ್ತರವಿದೆ. ಕೇಳಿ, ನಂಬಿಕೆ ಬಂದರೆ ಕೀಲಿ ಕೊಡಿ.

ಇಂತಿ,
ಅತ್ತೆಯ ಬಾಯಲ್ಲಿ ಕಳ್ಳಿಯಾಗಿ, ನಿಮ್ಮ ಲೆಕ್ಕದಲ್ಲಿ ಇನ್ನೂ ಕಳ್ಳಿಯಾಗಿಯೇ ಉಳಿದ
ಶ್ವೇತಾ, ಫಾತೋರ್ಡಾ

ಈಗ ನಾಲ್ಕು ಗಂಟೆ. ಬಸ್ಸು ಏಳಕ್ಕೆ. ನನ್ನ ಹೊಸ ನಂಬರು ನಿಮ್ಮ ದೂರಿನ ಪುಟದಲ್ಲಿದೆ. ಮಗು ಏಳದಿರಲೆಂದು ಫೋನಿನ ಸದ್ದು ನಿಲ್ಲಿಸಿ ಅಂಗೈಯಲ್ಲಿ ಹಿಡಿದು ಕೂತಿದ್ದೇನೆ. ನಡುಗಿದರೆ ಸಾಕು, ತಿಳಿಯುತ್ತದೆ. ಬೆಳಗಾಗುವ ಮೊದಲು ಒಂದು ಫೋನ್ ಮಾಡಿ.