ಮನೆ ನಂಬರು ಸರಿ, ಬೀದಿ ತಪ್ಪು

ಸೋಮವಾರ, ಬೆಳಿಗ್ಗೆ

ನನ್ನ ಮುದ್ದು ಮಗಳೇ,

ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಫೋನು ಆಫ್ ಮಾಡಿ ಚಿಕ್ಕಮ್ಮನ ಮನೆಯಲ್ಲಿ ಮುಸುಕೆಳೆದು ಮಲಗಿದ್ದೀಯಂತೆ. ಇನ್ನು ಜನ್ಮದಲ್ಲಿ ಕಂಪ್ಯೂಟರ್ ಮುಟ್ಟುವುದಿಲ್ಲ ಎಂದೆಯಂತೆ. ಅದಕ್ಕೇ ಈ ಕಾಗದ. ಮೊದಲು ಮುಖ್ಯ ಮಾತು: ಲಾಂಡ್ರಿಯಲ್ಲಿ ಒಂದು ಬಟ್ಟೆಯೂ ಕಳೆದಿಲ್ಲ, ನಿನ್ನ ಕೆಲಸವೂ ಹೋಗಿಲ್ಲ. ಉಸಿರು ಬಿಡು.

ಯಜಮಾನರು ನಿನ್ನನ್ನು ಗದರಿದಾಗ ನಾನು ಇಸ್ತ್ರಿ ಮೇಜಿನ ಹಿಂದೆ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ನಿನಗೆ ಕೊಟ್ಟ ಮಾತು.

ನೀನು ಅಳುತ್ತಾ ಹೋದ ಮೇಲೆ ನೋಡಿದರೆ, ನಿನ್ನ ಪ್ರೋಗ್ರಾಮು ಅಚ್ಚು ಹಾಕಿದ ಪ್ರತಿ ಗಂಟಿನ ಚೀಟಿಯಲ್ಲೂ ಗಿರಾಕಿಯ ಹೆಸರಿರಬೇಕಾದ ಕಡೆ ಕಾಗೆ ಕಾಲು ಗುಬ್ಬಿ ಕಾಲು. ಯಜಮಾನರು ಸೋತು, 'ನಿಮ್ಮ ನಿಮ್ಮದು ನೀವೇ ಆರಿಸ್ಕೊಳ್ಳಿ' ಎಂದು ಗಿರಾಕಿಗಳನ್ನೇ ಒಳಗೆ ಬಿಟ್ಟರು. ಇಬ್ಬರು ಗಂಡಸರು ಒಂದೇ ಪ್ಯಾಂಟು ಹಿಡಿದು ಜಗ್ಗಾಡಿದರು. ಒಬ್ಬನ ಹೆಂಡತಿ, 'ಆ ಸೊಂಟ ನಿಮಗೆ ಮದುವೆಗೆ ಮುಂಚೆ ಇತ್ತು, ಬಿಡ್ರೀ ಅದನ್ನ' ಎಂದಳು. ಅಷ್ಟು ಸಂಕಟದಲ್ಲೂ ನಗು ಬಂತು.

ಮಾರನೆಯ ದಿನ ಕಂಪ್ಯೂಟರ್ ರಿಪೇರಿಯ ತಾತ ಬಂದರು. ನೀನು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮು ನೋಡಿ, ಹೆಸರಿನ ಪಕ್ಕದಲ್ಲೇ ಆ ಹೆಸರು ಯಂತ್ರದೊಳಗೆ ಎಲ್ಲಿದೆ ಎನ್ನುವ ವಿಳಾಸವನ್ನೂ ಪ್ರಿಂಟ್ ಮಾಡಿಸಿದರು. ಪಾಯಿಂಟರ್ ಎನ್ನುತ್ತೀರಲ್ಲ, ಅದು. ಕಾಗದ ನೋಡುತ್ತಲೇ ತೊಡೆ ತಟ್ಟಿ ನಕ್ಕರು. ವಿಳಾಸ ಹೇಳಲು ಈಗಿನ ಯಂತ್ರಕ್ಕೆ ಮನೆ ನಂಬರೊಂದೇ ಸಾಕಂತೆ. ನಮ್ಮ ಅಂಗಡಿಯ ಹಳೆಯದಕ್ಕೆ ಬೀದಿಯನ್ನೂ ಹೇಳಬೇಕಂತೆ. ನೀನು ಬೀದಿ ಹೇಳಿರಲಿಲ್ಲ. ಅದು ಬೇರೆ ಬೀದಿಗೆ ಹೋಗಿ, ಅದೇ ನಂಬರಿನ ಬಾಗಿಲು ತೆಗೆದು, ಕೈಗೆ ಸಿಕ್ಕ ಕಸವನ್ನೆಲ್ಲ ತಂದು ಚೀಟಿಗೆ ಸುರಿದಿದೆ. 'ಹುಡುಗಿ ಬುದ್ಧಿವಂತೆ. ಈ ಮುದಿ ಯಂತ್ರದ ಸಹವಾಸ ಗೊತ್ತಿಲ್ಲ ಅಷ್ಟೇ. ನಾನೂ ಇದೇ ಗುಂಡಿಗೆ ಬಿದ್ದು ಎದ್ದೋನು' ಎಂದರು.

ಬೀದಿ ಸೇರಿಸಿದ್ದೇ ತಡ, ಹೆಸರುಗಳು ಮುತ್ತಿನ ಹಾಗೆ ಬಂದವು. ನಿಂತಲ್ಲೇ ದೇವರಿಗೆ ಕೈ ಮುಗಿದೆ.

ಬಿಲ್ಲಿನಲ್ಲಿ ಇನ್ನೂ ಕಸವೇ ಬರುತ್ತಿದೆ. ತಾತ ಅದನ್ನು ಬೇಕೆಂದೇ ಮುಟ್ಟಲಿಲ್ಲ. 'ಅದು ಅವಳ ಪಾಲಿಂದು, ಅವಳೇ ಬಂದು ಮಾಡ್ಲಿ' ಎಂದರು. ಯಜಮಾನರೂ ಹೂಂ ಎಂದಿದ್ದಾರೆ. ಮುಖ ತೊಳೆದುಕೊಂಡು ಬಾ, ತಾಯಿ.

ನಿನ್ನ ದಾರಿ ಕಾಯುತ್ತಿರುವ,
ಅಮ್ಮ

ತಾ.ಕ.: ನಾನು ನಿನ್ನ ತಾಯಿ ಎಂದು ಅಂಗಡಿಯಲ್ಲಿ ಬಾಯಿ ಬಿಡಬಾರದು ಎಂದಿದ್ದೆಯಲ್ಲ. ಹೆಸರುಗಳು ಸರಿಯಾಗಿ ಬಂದ ಆ ಗಳಿಗೆಯಲ್ಲಿ ತಡೆಯಲಾಗಲಿಲ್ಲ, 'ಅವಳು ನನ್ನ ಮಗಳು' ಎಂದುಬಿಟ್ಟೆ. ಒಬ್ಬರೂ ತಲೆ ಎತ್ತಲಿಲ್ಲ. ಯಜಮಾನರು, 'ಗೊತ್ತಮ್ಮಾ. ಇಬ್ಬರ ಊಟದ ಡಬ್ಬೀಲೂ ದಿನಾ ಒಂದೇ ಅಡುಗೆ, ಎರಡರಲ್ಲೂ ಉಪ್ಪು ಜಾಸ್ತಿ' ಎಂದರು.